ಅಘನಾಶಿನಿಯಲ್ಲಿ ಹಕ್ಕಿ ನೋಡಬೇಕೇ? ಮೊದಲು ನೀರಿನ ಹೊತ್ತು ನೋಡಿ

ಹಕ್ಕಿ ನೋಡೋಕೆ ಬೆಳಗ್ಗೆ ಐದಕ್ಕೇ ಏಳಬೇಕು ಅಂತಾರಲ್ವಾ? ಕಾಡಿಗೆ ಆ ಮಾತು ಸರಿ. ಹೊಳೆ ಕಡಲು ಸೇರುವ ಅಳಿವೆಯ ಹಕ್ಕಿಗಳು ಮಾತ್ರ ಸೂರ್ಯನಿಗಿಂತ ಜಾಸ್ತಿ ನೀರಿನ ಮಾತು ಕೇಳುತ್ತವೆ. ಕುಮಟಾ ಹತ್ತಿರದ ಅಘನಾಶಿನಿ ಅಳಿವೆಗೆ ಮೊದಲ ಸಲ ಹೋದಾಗ ನಾನು ಕತ್ತಲಲ್ಲೇ ದಡ ಸೇರಿದ್ದೆ. ಭರತದ (ಉಬ್ಬರದ) ನೀರು ಕಟ್ಟೆಯವರೆಗೂ ತುಂಬಿ ನಿಂತಿತ್ತು. ಮೂರು ಬೆಳ್ಳಕ್ಕಿ ಕಂಡವು, ಅಷ್ಟೇ.

ಹಾಗಾಗಿ ಹಿಂದಿನ ದಿನವೇ ಮೊಬೈಲಿನಲ್ಲಿ ಉಬ್ಬರ-ಇಳಿತದ ಹೊತ್ತು ನೋಡಿಕೊಳ್ಳಿ. ಅದು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಕಳೆದ ವಾರದ ಲೆಕ್ಕ ಈ ವಾರಕ್ಕೆ ಬರಲ್ಲ. ಭರತ ಮುಗಿದು ನೀರು ಇಳಿಯಲು ಶುರುವಾದಾಗ ದಡದಲ್ಲಿರಿ. ಆಗ ಕೆಸರು ಅಂಚಿನಿಂದಲೇ ತೆರೆದುಕೊಳ್ಳುತ್ತದೆ, ಹಕ್ಕಿಗಳೂ ಹತ್ತಿರವೇ ಇಳಿಯುತ್ತವೆ. ಪೂರ್ತಿ ಇಳಿದ ಮೇಲೆ ಹೋದರೆ ಅವು ದೂರದಲ್ಲಿ ಬರೀ ಚುಕ್ಕಿ. ತಿಂಗಳು ಕೇಳಿದರೆ ನವೆಂಬರ್‌ನಿಂದ ಫೆಬ್ರವರಿ, ವಲಸೆ ಹಕ್ಕಿಗಳ ಕಾಲ.

ಹೊಳೆ ಪಡುವಣಕ್ಕೆ ಹರಿದು ಕಡಲು ಸೇರುತ್ತದೆ. ಬೆಳಗ್ಗೆ ಕಡಲಿನ ಕಡೆಗೆ ನಡೆಯಿರಿ, ಸಂಜೆ ತಿರುಗಿ ಬನ್ನಿ. ಎರಡೂ ಹೊತ್ತು ಬಿಸಿಲು ಬೆನ್ನಿಗೆ ಬೀಳುತ್ತದೆ, ಹಕ್ಕಿಯ ಬಣ್ಣ ಸರಿಯಾಗಿ ಕಾಣುತ್ತದೆ. 8×42 ಬೈನಾಕ್ಯುಲರ್ (ಎಂಟು ಪಟ್ಟು ಹತ್ತಿರ ತೋರಿಸುವಂಥದ್ದು), ಟೋಪಿ, ನೀರು ಸಾಕು.

ಕೆಸರಲ್ಲಿ ಮೇಯುವ ಕಂದು ಬಣ್ಣದ ಗೊರವ ಹಕ್ಕಿಗಳೆಲ್ಲ ಮೊದಲಿಗೆ ಒಂದೇ ಥರ ಕಾಣುತ್ತವೆ. ಹೆಸರಿಗೆ ಒದ್ದಾಡಬೇಡಿ, ಕೊಕ್ಕು ನೋಡಿ, ಕಾಲು ನೋಡಿ, ತಿನ್ನುವ ರೀತಿ ನೋಡಿ. ನಾಲ್ಕು ಹೆಜ್ಜೆ ಓಡಿ, ಗಕ್ಕನೆ ನಿಂತು, ಒಂದು ಸಲ ಕುಕ್ಕಿದರೆ ಅದು ಪ್ಲೋವರ್. ಕಾಲು ಕೆಂಪಗಿದ್ದರೆ ರೆಡ್‌ಶ್ಯಾಂಕ್ ಇರಬಹುದು. ಕೊಕ್ಕು ಕುಡುಗೋಲಿನ ಹಾಗೆ ಕೆಳಗೆ ಬಾಗಿದ್ದರೆ ವಿಂಬ್ರೆಲ್ ಅಥವಾ ಕರ್ಲ್ಯೂ. ತಲೆಯ ಮೇಲೆ ಪಟ್ಟೆ ಎದ್ದು ಕಂಡರೆ ವಿಂಬ್ರೆಲ್, ಕೊಕ್ಕು ಇನ್ನೂ ಉದ್ದವಾಗಿ 'ಇದನ್ನು ಹೊತ್ತುಕೊಂಡು ಹೇಗಪ್ಪಾ ಹಾರುತ್ತೆ' ಅನಿಸಿದರೆ ಕರ್ಲ್ಯೂ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕೊಂಬೆಗಳನ್ನೂ ಬಿಡಬೇಡಿ. ಕರಿತಲೆಯ ಮಿಂಚುಳ್ಳಿ ಅಲ್ಲೇ ಸುಮ್ನೆ ಕೂತಿರುತ್ತದೆ.

ಕೆಸರಿಗೆ ಇಳಿಯಬೇಡಿ. ನಾನು ಒಂದು ಫೋಟೊ ಆಸೆಗೆ ಇಳಿದು, ಮೊಣಕಾಲವರೆಗೆ ಹೂತು, ಒಂದು ಚಪ್ಪಲಿ ಅಲ್ಲೇ ಬಿಟ್ಟು ಬಂದೆ. ಕಲ್ಲಿಗೆ ಅಂಟಿ ಬೆಳೆಯುವ ಕಲ್ವಾ (ಸಿಂಪಿ) ಚಿಪ್ಪು ಬ್ಲೇಡಿನ ಹಾಗೆ ಕಾಲು ಕೊಯ್ಯುತ್ತದೆ. ಕೆಸರಲ್ಲಿ ಬಳಚು (ಚಿಪ್ಪುಮೀನು) ಆರಿಸುವ ಹೆಂಗಸರಿಗೆ ಎಲ್ಲಿ ನೆಲ ಗಟ್ಟಿ, ಎಲ್ಲಿ ಹಕ್ಕಿ ಜಾಸ್ತಿ ಎಲ್ಲ ಗೊತ್ತು. 'ಅಕ್ಕಾ' ಅಂತ ಕರೆದು ಕೇಳಿ. ಗಜನಿ ಗದ್ದೆಯ (ಅಳಿವೆಯಂಚಿನ ಉಪ್ಪುನೀರಿನ ಗದ್ದೆ) ಕಟ್ಟೆ ಹತ್ತುವ ಮೊದಲೂ ಕೇಳಿ, ಅದು ಊರಿನವರು ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವ ಜಾಗ. ಈ ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂಬ ಮನ್ನಣೆ) ಸಿಕ್ಕಿದೆ ನಿಜ, ಆದರೆ ಇಲ್ಲಿ ದುಡಿಯುವವರು ಅದಕ್ಕೂ ಎಷ್ಟೋ ಮೊದಲಿನವರು.

ಮಧ್ಯಾಹ್ನ ತದಡಿಯಿಂದ ಅಘನಾಶಿನಿ ಊರಿಗೆ ದೋಣಿಯಲ್ಲಿ ದಾಟಿ. ಮೀನು ದೋಣಿಗಳ ಮೇಲೆ ಗರುಡಗಳು ಸುತ್ತುತ್ತಿರುತ್ತವೆ, ಕುತ್ತಿಗೆ ನೋಯುವವರೆಗೂ ನೋಡಬಹುದು.

ಮತ್ತೆ ನೀರು ಏರುವಾಗ ಕೆಸರಿನ ಹಕ್ಕಿಗಳೆಲ್ಲ ಮುಳುಗದೆ ಉಳಿದ ಮರಳ ದಿಬ್ಬಕ್ಕೆ ಒತ್ತೊತ್ತಾಗಿ ಬಂದು ನಿಲ್ಲುತ್ತವೆ. ಎಣಿಸೋಕೆ ಇದೇ ಸರಿಯಾದ ಹೊತ್ತು. ದೂರದಲ್ಲೇ ಕೂತು ಹತ್ತು ಹತ್ತರ ಗುಂಪು ಮಾಡಿ ಎಣಿಸಿ, ಹಕ್ಕಿ ಲೆಕ್ಕ ದಾಖಲಿಸುವ ಇಬರ್ಡ್ (eBird) ಜಾಲತಾಣಕ್ಕೆ ಹಾಕಿ. ಹಕ್ಕಿಗಳು ತಲೆ ಎತ್ತಿ ನಿಮ್ಮನ್ನೇ ನೋಡತೊಡಗಿದರೆ ಹತ್ತಿರ ಹೋಗಿದ್ದೀರಿ ಅಂತ ಅರ್ಥ, ಮೆಲ್ಲಗೆ ಹಿಂದೆ ಸರಿಯಿರಿ.