ಮಂಡಿ ಆಪರೇಷನ್: ಬೆನ್ನಿಗೆ ಇಂಜೆಕ್ಷನ್ನೋ, ಪೂರ್ತಿ ಮಂಪರೋ?

ಯಾವ ಅರಿವಳಿಕೆ ಎಂಬ ಮಾತು ಆಪರೇಷನ್ ದಿನ ಬೆಳಿಗ್ಗೆ ಶುರುವಾದರೆ ತಡವಾಯಿತು. ಹತ್ತು ದಿನ ಮೊದಲೇ ಅರಿವಳಿಕೆ ತಜ್ಞರನ್ನು ಕಾಣಿ. ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಅದು ಸ್ಪೈನಲ್, ಪೂರ್ತಿ ಎಚ್ಚರ ತಪ್ಪಿಸಿದರೆ ಅದು ಜನರಲ್.

1. ಮಾತ್ರೆಗಳು. ಎಡವುವುದು ಇಲ್ಲೇ. ‘ಬಿಪಿ, ಶುಗರ್ ಮಾತ್ರೆ ಅಷ್ಟೇ’ ಎನ್ನಬೇಡಿ. ಮಾತ್ರೆಯ ಚೀಲವನ್ನೇ ಒಯ್ದು ಮೇಜಿನ ಮೇಲೆ ಸುರಿಯಿರಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೋಗ್ರೆಲ್ ಮಾತ್ರೆ ನಿಲ್ಲಿಸಿ 5ರಿಂದ 7 ದಿನ ಆಗದೆ ಬೆನ್ನಿಗೆ ಸೂಜಿ ಹಾಕುವುದಿಲ್ಲ. ಬೆನ್ನುಹುರಿಯ ಪಕ್ಕ ರಕ್ತ ಹೆಪ್ಪುಗಟ್ಟಿ ಒತ್ತಿದರೆ ಕಾಲಿನ ಸ್ವಾಧೀನವೇ ಹೋಗಬಹುದು. ಹಾಗಂತ ನೀವಾಗಿಯೇ ನಿಲ್ಲಿಸಿದರೆ ಹೃದಯದ ಸ್ಟೆಂಟ್ ಕಟ್ಟಿಕೊಳ್ಳಬಹುದು. ಹೃದಯದ ಡಾಕ್ಟರನ್ನು ಕೇಳಿ. ಆಸ್ಪಿರಿನ್ ಒಂದೇ ಇದ್ದರೆ ಸ್ಪೈನಲ್‌ಗೆ ಅಡ್ಡಿಯಿಲ್ಲ. ಶುಗರ್‌ಗೆ ಡಾಪಾಗ್ಲಿಫ್ಲೋಜಿನ್ ನುಂಗುವವರಿಗೆ 3 ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಸಂತೆಯಲ್ಲಿ ಕೊಂಡ, ಹೆಸರಿಲ್ಲದ ಪೊಟ್ಟಣದ ಮಂಡಿನೋವಿನ ಪುಡಿಯನ್ನೂ ಮುಚ್ಚಿಡಬೇಡಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ತಿಂಗಳುಗಟ್ಟಲೆ ತಿಂದವರ ಬಿಪಿ ಆಪರೇಷನ್ ಮಧ್ಯೆ ಕುಸಿಯಬಹುದು.

2. ಬೆನ್ನು. ಪಾವಗಡ, ಬಾಗೇಪಲ್ಲಿ ಕಡೆಯವರಾದರೆ ಎಷ್ಟು ವರ್ಷ ಬೋರ್‌ವೆಲ್ ನೀರು ಕುಡಿದಿರಿ ಎಂದು ಹೇಳಿ. ಆ ನೀರಿನ ಫ್ಲೋರೈಡ್‌ನಿಂದ ಬೆನ್ನುಮೂಳೆಗಳನ್ನು ಹಿಡಿದಿಡುವ ಕಟ್ಟುಗಳು ಮೂಳೆಯಂತೆ ಗಟ್ಟಿಯಾಗಿದ್ದರೆ ಸೂಜಿ ಇಳಿಯದೇ ಇರಬಹುದು. ಕತ್ತೂ ಬಿಗಿದಿದ್ದರೆ ಜನರಲ್‌ನಲ್ಲಿ ಗಂಟಲಿಗೆ ಕೊಳವೆ ಹಾಕುವುದೂ ಕಷ್ಟ. ಎರಡೂ ಮೊದಲೇ ಗೊತ್ತಿರಬೇಕು.

3. ಆಯ್ಕೆ. ಅಡ್ಡಿಯಿಲ್ಲದವರು ಸ್ಪೈನಲ್ ಜೊತೆಗೆ ಅಡಕ್ಟರ್ ಕೆನಾಲ್ ಬ್ಲಾಕ್ ಕೇಳಿ. ಸ್ಪೈನಲ್ ಸೊಂಟದ ಕೆಳಗೆ 2–3 ಗಂಟೆ ಮರಗಟ್ಟಿಸುತ್ತದೆ. ಬ್ಲಾಕ್ ಎಂದರೆ ತೊಡೆಯ ಒಳಭಾಗದ ನರದ ಬಳಿ ಕೊಡುವ ಇಂಜೆಕ್ಷನ್. ಆಮೇಲಿನ ನೋವು ತಗ್ಗಿಸುತ್ತದೆ, ತೊಡೆಯ ಬಲವನ್ನು ಹೆಚ್ಚು ಕುಗ್ಗಿಸುವುದಿಲ್ಲ. ತೊಡೆಸಂದಿಯಲ್ಲಿ ಕೊಡುವ ಹಳೆಯ ಫೆಮೊರಲ್ ಬ್ಲಾಕ್‌ನಲ್ಲಿ ತೊಡೆ ಸೋತು, ನಿಂತೊಡನೆ ಮಂಡಿ ಮಡಚಿಕೊಳ್ಳಬಹುದು. ಎಚ್ಚರವಿದ್ದರೆ ಗರಗಸ, ಸುತ್ತಿಗೆ ಸದ್ದು ಕೇಳುತ್ತದೆ; ಅದು ಬೇಡದವರು ಸ್ಪೈನಲ್ ಜೊತೆಗೇ ಹಗುರ ಮಂಪರಿನ ಔಷಧ ಕೊಡಿ ಎನ್ನಿ. ಹೃದಯದ ಅಯೋರ್ಟಿಕ್ ಕವಾಟ ತೀರಾ ಕಿರಿದಾಗಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಲಾಗದಿದ್ದರೆ, ಬೆನ್ನಿನ ಚರ್ಮದಲ್ಲಿ ಸೋಂಕಿದ್ದರೆ ಸಾಮಾನ್ಯವಾಗಿ ಜನರಲ್ಲೇ. ಜನರಲ್ ಆದ ಮೇಲೆ ವಾಂತಿ, ಗಂಟಲು ಕೆರೆತ ಒಂದೆರಡು ದಿನ ಇರಬಹುದು. ಸ್ಪೈನಲ್‌ನಿಂದ ಜೀವಮಾನವಿಡೀ ಬೆನ್ನುನೋವು ಎಂಬ ಹೆದರಿಕೆಗೆ ಆಧಾರವಿಲ್ಲ.

4. ಹೊಟ್ಟೆ. ಹಗುರ ಊಟವಾದರೆ 6 ಗಂಟೆ, ಎಣ್ಣೆ-ಮಾಂಸದ್ದಾದರೆ 8 ಗಂಟೆ ಬಿಡುವಿರಲಿ. ಬರೀ ನೀರು 2 ಗಂಟೆ ಮೊದಲಿನವರೆಗೆ. ಹಾಲು ಹಾಕಿದ ಕಾಫಿ ಊಟದ ಲೆಕ್ಕಕ್ಕೇ ಸೇರುತ್ತದೆ. ‘ಒಂದೇ ಗುಟುಕು’ ಎಂದು ಕುಡಿಸಿದ ಕಾಫಿಗೆ ಆಪರೇಷನ್ ಮುಂದೆ ಹೋಗುತ್ತದೆ.

5. ಸೂಜಿ. ಗದ್ದ ಎದೆಗೆ ಒತ್ತಿ, ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿ, ಅಲುಗಾಡದೆ ಕೂರಿ.

6. ಆಮೇಲೆ. ಮೂತ್ರ ಬಾರದೆ ಹೊಟ್ಟೆ ಉಬ್ಬಿದರೆ ತಡಮಾಡದೆ ಹೇಳಿ. ಕೂತರೆ ಹೆಚ್ಚಿ ಮಲಗಿದರೆ ಇಳಿಯುವ ತಲೆನೋವು ಸ್ಪೈನಲ್‌ನದೇ ಇರಬಹುದು, ಅದನ್ನೂ ಹೇಳಿ. ಕಾಲಿಗೆ ಬಲ ಬಂತೆನಿಸಿದರೂ ಮೊದಲ ಸಲ ನರ್ಸ್ ಇಲ್ಲದೆ ಮಂಚ ಇಳಿಯಬೇಡಿ.