ಒಂದು ಯೆಜ್ಡಿ, ಒಂದು ಸ್ಪ್ಲೆಂಡರ್: ಎರಡನ್ನೂ ಸಾಕಿದ ನನ್ನ ಅನುಭವ

ಯೆಜ್ಡಿ ಅನ್ನುವ ಹಳೇ ಬೈಕ್ ಇಟ್ಟುಕೊಂಡವರಿಗೆ ಮಂಡ್ಯದ ಪೆಟ್ರೋಲ್ ಬಂಕಿನಲ್ಲಿ ಎರಡು ಪ್ರಶ್ನೆ ಖಾಯಂ. ಮೊದಲನೆಯದು, ‘ಎಷ್ಟು ಕೊಡುತ್ತೆ ಅಣ್ಣ?’ ಎರಡನೆಯದು, ‘ಎಷ್ಟಕ್ಕೆ ಕೊಡ್ತೀರಾ?’ ಸ್ಪ್ಲೆಂಡರ್ ತಗೊಂಡು ಹೋದರೆ ಯಾರೂ ಏನೂ ಕೇಳುವುದಿಲ್ಲ. ಪೆಟ್ರೋಲ್ ಹಾಕಿಸಿ ಹೊರಡುವುದು, ಅಷ್ಟೆ.

ನನ್ನ ಹತ್ತಿರ ಎರಡೂ ಇವೆ. ಯೆಜ್ಡಿ ರೋಡ್‌ಕಿಂಗ್ 1987ರದು, ಮೈಸೂರಿನ ಸರಸ್ವತಿಪುರಂನ ಒಬ್ಬ ನಿವೃತ್ತ ಮೇಷ್ಟರಿಂದ ತಗೊಂಡದ್ದು. ಸ್ಪ್ಲೆಂಡರ್ ಪ್ಲಸ್ 2012ರದು, ಹೊಸದಾಗಿ ಕೊಂಡದ್ದು. ಒಂದು 248.5 ಸಿಸಿಯ ಟೂ ಸ್ಟ್ರೋಕ್, ಇನ್ನೊಂದು 97.2 ಸಿಸಿಯ ಫೋರ್ ಸ್ಟ್ರೋಕ್. ಇವೆರಡನ್ನು ಹೋಲಿಸುವುದೇ ಸರಿಯಲ್ಲ ಅಂತ ಬೈಕ್ ಹುಚ್ಚಿನ ಹುಡುಗರು ಹೇಳುತ್ತಾರೆ. ಆದರೆ ನಮ್ಮ ಕಡೆ ಮನೆಯೊಳಗೆ ನಡೆಯುವ ವಾದ ಇದೇ ಅಲ್ವಾ? ‘ಆ ಹಳೇದನ್ನ ಮಾರಿ ಇನ್ನೊಂದು ಸ್ಪ್ಲೆಂಡರ್ ತಗೋ’ ಅಂತ ನಮ್ಮ ದೊಡ್ಡಪ್ಪ ಈಗಲೂ ಹೇಳುತ್ತಲೇ ಇದ್ದಾರೆ.

ಮೊದಲು ದುಡ್ಡಿನ ಲೆಕ್ಕ ಮುಗಿಸಿಬಿಡೋಣ. ಮಂಡ್ಯದಿಂದ ಮೈಸೂರಿಗೆ ಹೋಗಿ ಬಂದರೆ ಸುಮಾರು 90 ಕಿಲೋಮೀಟರ್. ಸ್ಪ್ಲೆಂಡರ್ ಲೀಟರಿಗೆ 60ರ ಆಸುಪಾಸು ಕೊಡುತ್ತದೆ, ಒಂದೂವರೆ ಲೀಟರಿನಲ್ಲಿ ಕೆಲಸ ಮುಗಿಯಿತು. ಯೆಜ್ಡಿ ಎಲ್ಲ ಸರಿ ಇದ್ದಾಗ 30, ಕಾರ್ಬೊರೇಟರ್ ಕೈಕೊಟ್ಟರೆ 25. ಅಂದರೆ ಕಡಿಮೆ ಅಂದರೂ ಮೂರು ಲೀಟರ್ ಬೇಕು. ಅದರ ಮೇಲೆ ಲೀಟರಿಗೆ 30ರಿಂದ 40 ಎಂಎಲ್ ಟೂಟಿ ಆಯಿಲ್, ಅಂದರೆ ಪೆಟ್ರೋಲಿಗೇ ಬೆರೆಸುವ ಟೂ ಸ್ಟ್ರೋಕ್ ಆಯಿಲ್. ಪೆಟ್ರೋಲ್ ನೂರು ರೂಪಾಯಿ ದಾಟಿರುವ ಕಾಲದಲ್ಲಿ ಖರ್ಚು ಡಬಲ್‌ಗಿಂತ ಜಾಸ್ತಿ. ಇನ್ಶೂರೆನ್ಸ್ ಕೂಡ ಹೆಚ್ಚುಕಡಿಮೆ ಡಬಲ್. 2022ರಲ್ಲಿ ನಿಗದಿಯಾದ ದರದಂತೆ ಥರ್ಡ್ ಪಾರ್ಟಿಗೆ 75ರಿಂದ 150 ಸಿಸಿವರೆಗಿನ ಬೈಕಿಗೆ ವರ್ಷಕ್ಕೆ 714 ರೂಪಾಯಿ, 150ರಿಂದ 350ರವರೆಗಿನದಕ್ಕೆ 1,366 ರೂಪಾಯಿ, ತೆರಿಗೆ ಬೇರೆ. ವಾರಕ್ಕೊಮ್ಮೆ ಓಡಿಸಿದರೂ ಅಷ್ಟೇ, ದಿನಾ ಓಡಿಸಿದರೂ ಅಷ್ಟೇ.

ದುಡ್ಡಿನ ವಾದದಲ್ಲಿ ಯೆಜ್ಡಿ ಗೆಲ್ಲುವುದಿಲ್ಲ. ಗೆಲ್ಲುತ್ತದೆ ಅಂತ ಯಾರಾದರೂ ಹೇಳಿದರೆ ಅವರು ತಮ್ಮದನ್ನು ಮಾರಲು ಹೊರಟಿದ್ದಾರೆ ಅಂತ ಅರ್ಥ.

ಆದರೂ ಇಟ್ಟುಕೊಂಡಿದ್ದೇನೆ. ಅದಕ್ಕೆ ಅರ್ಧ ಕಾರಣ ಊರು. ಐಡಿಯಲ್ ಜಾವಾ ಕಾರ್ಖಾನೆ ಇದ್ದದ್ದು ಮೈಸೂರಿನ ಯಾದವಗಿರಿಯಲ್ಲಿ. 1961ರಿಂದ ಅಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಬೈಕುಗಳು ತಯಾರಾದವು, 1973ರಿಂದ ಯೆಜ್ಡಿ ಅನ್ನುವ ಹೆಸರು ಬಂತು, 1996ರಲ್ಲಿ ಬಾಗಿಲು ಮುಚ್ಚಿತು. ಕಾರ್ಖಾನೆ ಹೋದರೂ ಕೈಗಳು ಉಳಿದವು. ಅಲ್ಲಿ ಕೆಲಸ ಮಾಡಿದವರು, ಅವರ ಹತ್ತಿರ ಕಲಿತವರು, ಕಲಿತವರ ಹುಡುಗರು ಇವತ್ತಿಗೂ ಮೈಸೂರಿನಲ್ಲಿ ಸಿಗುತ್ತಾರೆ. ನನ್ನ ಗಾಡಿ ನೋಡುವ ಮೆಕ್ಯಾನಿಕ್‌ಗೆ ವಯಸ್ಸಾಗಿದೆ. ಬೆಳಿಗ್ಗೆ ಹತ್ತಕ್ಕೆ ಶೆಡ್ಡು ತೆಗೆದು ಸಂಜೆ ಐದಕ್ಕೆ ಮುಚ್ಚುತ್ತಾರೆ. ಗಾಡಿ ಅಂಗಡಿ ಮುಂದೆ ನಿಲ್ಲುವ ಮುಂಚೆಯೇ ಸದ್ದು ಕೇಳಿ, ‘ಎಡಗಡೆ ಸೈಲೆನ್ಸರ್ ಕಟ್ಟಿದೆ ಸಾರ್, ಬಿಚ್ಚಿ ಇಡಿ’ ಅಂತಾರೆ. ಹುಬ್ಬಳ್ಳಿಯಲ್ಲೋ ಬೀದರ್‌ನಲ್ಲೋ ಇದ್ದಿದ್ದರೆ ನಾನು ಯೆಜ್ಡಿಗೆ ಕೈ ಹಾಕುತ್ತಿರಲಿಲ್ಲ.

ಈ ಸೈಲೆನ್ಸರ್ ವಿಷಯ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಟೂ ಸ್ಟ್ರೋಕ್ ಎಂಜಿನ್ನಿಗೆ ಅಡಿಯಲ್ಲಿ ಆಯಿಲ್ ತುಂಬಿದ ಸಂಪು ಇರುವುದಿಲ್ಲ. ಪೆಟ್ರೋಲಿನ ಜೊತೆ ಬೆರೆತ ಆಯಿಲ್ಲೇ ಪಿಸ್ಟನ್ನಿಗೆ, ಕ್ರ್ಯಾಂಕಿನ ಬೇರಿಂಗಿಗೆ ಜಿಡ್ಡು ಕೊಟ್ಟು ಆಮೇಲೆ ಸುಟ್ಟು ಹೊಗೆಯಾಗುತ್ತದೆ. ಪೂರ್ತಿ ಸುಡದೆ ಉಳಿದದ್ದು ಮಸಿಯಾಗಿ ಸೈಲೆನ್ಸರಿನೊಳಗೆ ಅಂಟುತ್ತದೆ. ಯೆಜ್ಡಿಗೆ ಒಂದೇ ಸಿಲಿಂಡರ್, ಸೈಲೆನ್ಸರ್ ಮಾತ್ರ ಎರಡು. ಎರಡರ ಒಳಗಿನ ಕೊಳವೆಯನ್ನೂ ಎಳೆದು ತೆಗೆದು ಮಸಿ ಕೆರೆಯಬೇಕು. ಬಿಟ್ಟರೆ ಪಿಕಪ್ ಇರುವುದಿಲ್ಲ, ಗಾಡಿ ಎಳೆಯುವುದಿಲ್ಲ. ನಾನು ಹಿತ್ತಲಲ್ಲಿ ಹಳೇ ಬನಿಯನ್ ಹಾಕಿಕೊಂಡು ಈ ಕೆಲಸ ಮಾಡುತ್ತೇನೆ. ಆ ಬನಿಯನ್ ಒಗೆಯಲು ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ, ಅದು ಬೇರೆ ಮಾತು.

ಆಯಿಲ್ ಪೆಟ್ರೋಲಿನ ಜೊತೆಯೇ ಹೋಗುತ್ತದೆ ಅನ್ನುವುದರಿಂದ ಓಡಿಸುವ ರೀತಿಯೂ ಬದಲಾಗುತ್ತದೆ. ಚಾಮುಂಡಿ ಬೆಟ್ಟವನ್ನೇ ತಗೊಳ್ಳಿ. ಹತ್ತುವಾಗ ಯೆಜ್ಡಿ ರಾಜ. ಹಿಂದೆ ಒಬ್ಬರನ್ನು ಕೂರಿಸಿಕೊಂಡರೂ ಮೂರನೇ ಗೇರಿನಲ್ಲಿ ಡುಗುಡುಗು ಅಂತ ಏರುತ್ತದೆ. ಸ್ಪ್ಲೆಂಡರಿನಲ್ಲಿ ಇಬ್ಬರು ಕೂತರೆ ಎರಡಕ್ಕೆ ಇಳಿಸಿ ತಾಳ್ಮೆ ಇಟ್ಟುಕೊಳ್ಳಬೇಕು. ಇಳಿಯುವಾಗ ಉಲ್ಟಾ. ಸ್ಪ್ಲೆಂಡರ್ ಗೇರಿನಲ್ಲಿದ್ದರೆ ಎಂಜಿನ್ನೇ ಹಿಡಿದುಕೊಳ್ಳುತ್ತದೆ, ಬ್ರೇಕಿಗೆ ಕೆಲಸ ಕಡಿಮೆ. ಟೂ ಸ್ಟ್ರೋಕ್‌ನಲ್ಲಿ ಆ ಹಿಡಿತ ತೀರಾ ಕಡಿಮೆ, ಪೂರ್ತಿ ಬ್ರೇಕ್ ಮೇಲೇ ಭಾರ. ಸಾಲದ್ದಕ್ಕೆ ಆಕ್ಸಿಲರೇಟರ್ ಮುಚ್ಚಿ ಗೇರಿನಲ್ಲೇ ಉದ್ದಕ್ಕೂ ಇಳಿದರೆ ಪೆಟ್ರೋಲ್ ತೀರಾ ಕಡಿಮೆ ಹೋಗುತ್ತದೆ, ಪೆಟ್ರೋಲ್ ಕಡಿಮೆಯಾದರೆ ಆಯಿಲ್ಲೂ ಕಡಿಮೆಯಾಗುತ್ತದೆ. ಎಂಜಿನ್ ಮಾತ್ರ ಜೋರಾಗಿ ತಿರುಗುತ್ತಿರುತ್ತದೆ. ಪಿಸ್ಟನ್ ಜಾಮ್ ಆಗುವುದು ಹೀಗೆ. ಅದಕ್ಕೇ ಇಳಿಜಾರಿನಲ್ಲಿ ಆಗಾಗ ಕ್ಲಚ್ ಹಿಡಿದು ಒಂದೆರಡು ಸಲ ರೇಸ್ ಕೊಡಬೇಕು. ಮೇಲುಕೋಟೆ ಬೆಟ್ಟ ಇಳಿಯುವಾಗಲೂ ಹಾಗೇ ಮಾಡುತ್ತೇನೆ. ಹಿಂದೆ ಬರುವವರು ಇವನಿಗೇನೋ ತಿಕ್ಕಲು ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ.

ಕಿಕ್ ಹೊಡೆಯುವುದರ ಬಗ್ಗೆಯೂ ಒಂದು ಮಾತು. ಯೆಜ್ಡಿಗೆ ಕಿಕ್ಕರ್ ಬೇರೆ ಇಲ್ಲ. ಎಡಗಡೆಯ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಜಾವಾ ಕಾಲದಿಂದ ಬಂದ ಇನ್ನೊಂದು ಏರ್ಪಾಡು ಅಂದರೆ ಗೇರ್ ಲಿವರ್ ಒತ್ತಿದಾಗ ಕ್ಲಚ್ ತಾನೇ ಬಿಡುತ್ತದೆ, ಕೈಯಲ್ಲಿ ಕ್ಲಚ್ ಹಿಡಿಯದೆಯೂ ಗೇರ್ ಬದಲಿಸಬಹುದು. ಇದನ್ನು ಬೇರೆಯವರಿಗೆ ಹೇಳಿಕೊಡುವುದು ಕಷ್ಟ. ಅದರಿಂದ ಒಂದು ಲಾಭವೂ ಇದೆ, ಯಾರೂ ‘ಸ್ವಲ್ಪ ಗಾಡಿ ಕೊಡಿ, ಈಗ ಬಂದೆ’ ಅನ್ನುವುದಿಲ್ಲ.

ಸ್ಪ್ಲೆಂಡರಿನ ಕಥೆಯೇ ಬೇರೆ. ಅದನ್ನು ಎಲ್ಲರೂ ಒಯ್ಯುತ್ತಾರೆ. ಬೆಳಿಗ್ಗೆ ತಮ್ಮ ಡೈರಿಗೆ ಹಾಲಿನ ಕ್ಯಾನ್ ಹಾಕಿಕೊಂಡು ಹೋಗುತ್ತಾನೆ. ಆಮೇಲೆ ಅದರ ಮೇಲೆಯೇ ಬೂಸಾ ಮೂಟೆ ಬರುತ್ತದೆ, ಸಂಜೆ ಹುಲ್ಲಿನ ಹೊರೆ. ಮಧ್ಯದಲ್ಲಿ ಚಿಕ್ಕಪ್ಪನ ಮಗ ಟ್ಯೂಷನ್ನಿಗೆ ಒಯ್ಯುತ್ತಾನೆ. ಪಕ್ಕದ ಮನೆಯವರು ಬಸ್ ಸ್ಟ್ಯಾಂಡಿಗೆ ಬಿಡಲು ಕೇಳುತ್ತಾರೆ. ಯಾರು ಹತ್ತಿದರೂ ನಡೆಯುತ್ತದೆ. ಹಾಗಾಗಿ ಅದನ್ನು ನೋಡಿಕೊಳ್ಳಬೇಕು ಅಂತ ಯಾರಿಗೂ ಅನ್ನಿಸುವುದಿಲ್ಲ.

ಎರಡು ಗಾಡಿಗಳ ನಿಜವಾದ ವ್ಯತ್ಯಾಸ ಇಲ್ಲೇ ಇದೆ ಅಂತ ನನಗೆ ಅನಿಸುತ್ತದೆ. ಯೆಜ್ಡಿ ತನ್ನ ಕಷ್ಟವನ್ನು ತಕ್ಷಣ ಹೇಳುತ್ತದೆ. ಪ್ಲಗ್ ಒದ್ದೆಯಾದರೆ ನಿಂತುಬಿಡುತ್ತದೆ. ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟ್ ಕಪ್ಪಾದರೆ ಸ್ಟಾರ್ಟೇ ಆಗುವುದಿಲ್ಲ. ಅದನ್ನು ಉಜ್ಜಿ, ಸಂದು ಅಳೆಯುವ ಫೀಲರ್ ಗೇಜಿನಲ್ಲಿ 0.4 ಮಿಲಿಮೀಟರ್ ಸಂದು ಇಟ್ಟ ಮೇಲೇ ಮಾತು. ಕ್ರ್ಯಾಂಕಿನ ಆಯಿಲ್ ಸೀಲ್ ಹೋದರೆ ಗೇರ್‌ಬಾಕ್ಸಿನ ಆಯಿಲನ್ನು ಎಂಜಿನ್ ಎಳೆದುಕೊಂಡು ಬೀದಿ ತುಂಬ ಬಿಳಿ ಹೊಗೆ ಬಿಡುತ್ತದೆ. ನೋಡದೆ ಇರಲು ಸಾಧ್ಯವೇ ಇಲ್ಲ. ಸ್ಪ್ಲೆಂಡರ್ ಮಾತ್ರ ಆಯಿಲ್ ಅರ್ಧಕ್ಕೆ ಇಳಿದರೂ ಓಡುತ್ತಲೇ ಇರುತ್ತದೆ. ಅದಕ್ಕೆ ಹಿಡಿಯುವುದೇ ಒಂದು ಲೀಟರಿನೊಳಗೆ. ಅಷ್ಟರಲ್ಲಿ ಕಾಲು ಲೀಟರ್ ಸುಟ್ಟುಹೋದರೂ ದೊಡ್ಡ ಕೊರತೆಯೇ. ಎಂಜಿನ್ನಿನೊಳಗಿನ ಟೈಮಿಂಗ್ ಚೈನ್ ಕಟಕಟ ಅನ್ನುವ ಹೊತ್ತಿಗೆ ಒಳಗೆ ಸವೆಯಬೇಕಾದ್ದು ಸವೆದಿರುತ್ತದೆ. ನಮ್ಮ ಬೀದಿಯಲ್ಲಿ ಎಂಜಿನ್ ಬಿಚ್ಚಿಸಿದ ಸ್ಪ್ಲೆಂಡರುಗಳು ಒಂದೆರಡಲ್ಲ. ಗಾಡಿಯನ್ನು ದೂರುವಂತಿಲ್ಲ. ಕೊಂಡ ದಿನದಿಂದ ಯಾರೂ ಆಯಿಲ್ ಮಟ್ಟ ತೋರಿಸುವ ಸ್ಟಿಕ್ ತೆಗೆದು ನೋಡಿಲ್ಲ, ಅಷ್ಟೇ.

ಆದ್ದರಿಂದ ಈಗ ಭಾನುವಾರ ಯೆಜ್ಡಿಗೆ ಕೂತಾಗ ಸ್ಪ್ಲೆಂಡರನ್ನೂ ಪಕ್ಕಕ್ಕೆ ಎಳೆದುಕೊಳ್ಳುತ್ತೇನೆ. ಮಟ್ಟವಾದ ಜಾಗದಲ್ಲಿ ನೇರ ನಿಲ್ಲಿಸಿ, ಎಂಜಿನ್ ಆರಿಸಿ ಸ್ವಲ್ಪ ಹೊತ್ತು ಬಿಟ್ಟು ಸ್ಟಿಕ್ ತೆಗೆದು ಒರೆಸಬೇಕು. ಮತ್ತೆ ಇಳಿಸುವಾಗ ತಿರುಪಬಾರದು, ಸುಮ್ನೆ ಕೂರಿಸಿ ತೆಗೆದು ನೋಡಬೇಕು. ತಿರುಪಿ ನೋಡಿದರೆ ಸ್ಟಿಕ್ ಇನ್ನೂ ಕೆಳಕ್ಕೆ ಇಳಿದು ಇರುವುದಕ್ಕಿಂತ ಜಾಸ್ತಿ ಆಯಿಲ್ ತೋರಿಸುತ್ತದೆ. ಆಮೇಲೆ ಚೈನ್ ಬಿಗಿ, ಟೈರ್ ಗಾಳಿ. ಕಾಲು ಗಂಟೆಯ ಕೆಲಸ.

ರಸ್ತೆಯ ವಿಷಯಕ್ಕೆ ಬರೋಣ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿಯ ಉದ್ಘಾಟನೆ ಆಯಿತು. ಅದೇ ವರ್ಷ ಆಗಸ್ಟ್ 1ರಿಂದ ಮುಖ್ಯ ರಸ್ತೆಯಲ್ಲಿ ಬೈಕ್, ಆಟೊ, ಟ್ರ್ಯಾಕ್ಟರ್ ಬಿಡುವುದಿಲ್ಲ. ನಮಗೆ ಉಳಿದದ್ದು ಸರ್ವಿಸ್ ರೋಡ್. ಮೊದಲು ಹಳೇ ಹೈವೇಯಲ್ಲಿ ಯೆಜ್ಡಿಯನ್ನು ಟಾಪ್ ಗೇರಿಗೆ ಹಾಕಿ ಶ್ರೀರಂಗಪಟ್ಟಣದವರೆಗೆ ಒಂದೇ ಸಮ ಹೋಗುವ ಸುಖ ಇತ್ತು. ಈಗ ಹಂಪ್, ಊರಿನ ತಿರುವು, ಎದುರಿಗೇ ಬರುವ ಬೈಕು, ಕಬ್ಬು ಕಟಾವಿನ ಕಾಲದಲ್ಲಿ ಲೋಡು ಹೊತ್ತ ಟ್ರ್ಯಾಕ್ಟರಿನ ಸಾಲು. ಇಂಥ ರಸ್ತೆಗೆ ಸ್ಪ್ಲೆಂಡರೇ ಸರಿ. ಹಗುರ, ಸಣ್ಣ ಜಾಗದಲ್ಲಿ ತಿರುಗುತ್ತದೆ, ನಿಂತು ನಿಂತು ಹೋದರೂ ಬಿಸಿಯಾಗುವುದಿಲ್ಲ. ಹಂಪುಗಳ ಕಾಟಕ್ಕೆ ಹ್ಯಾಂಡಲ್ ತಿರುಗುವ ಬೇರಿಂಗು, ಅಂದರೆ ಕೋನ್ ಸೆಟ್, ಬೇಗ ಸವೆಯುತ್ತದೆ ಅನ್ನುವುದು ಬಿಟ್ಟರೆ ದೂರು ಇಲ್ಲ. ನನ್ನ ಯೆಜ್ಡಿಯದು ಆರು ವೋಲ್ಟಿನ ಲೈಟು, ರಾತ್ರಿ ಸರ್ವಿಸ್ ರೋಡಿನಲ್ಲಿ ಎತ್ತಿನಗಾಡಿಗೆ ದೀಪ ಇಲ್ಲದಿದ್ದರೆ ಕಾಣುವುದೇ ಕಷ್ಟ. ಕತ್ತಲಾದ ಮೇಲೆ ಅದನ್ನು ತೆಗೆಯುವುದಿಲ್ಲ.

ಸ್ಪೇರ್ ಪಾರ್ಟ್ಸ್ ವಿಷಯದಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ. ಸ್ಪ್ಲೆಂಡರ್ 1994ರಲ್ಲಿ ಹೀರೋ ಹೋಂಡಾ ಹೆಸರಲ್ಲಿ ಬಂದದ್ದು, ಎಂಜಿನ್ನಿನ ಮೂಲ ವಿನ್ಯಾಸ ದೊಡ್ಡದಾಗಿ ಬದಲಾಗದೆ ವರ್ಷಗಟ್ಟಲೆ ನಡೆಯಿತು. ಕ್ಲಚ್ ಪ್ಲೇಟು, ಬ್ರೇಕ್ ಶೂ, ಕೇಬಲ್ಲು ಹಳ್ಳಿಯ ಪಂಕ್ಚರ್ ಅಂಗಡಿಯಲ್ಲೂ ನೇತಾಡುತ್ತಿರುತ್ತದೆ. ಯೆಜ್ಡಿಗೆ ಮೈಸೂರಿನ ಹಳೇ ಅಂಗಡಿ, ಗುಜರಿ, ಪರಿಚಯದವರ ಅಟ್ಟ. ಹೊಸದಾಗಿ ತಯಾರಾಗುವ ಸಾಮಾನೂ ಸಿಗುತ್ತದೆ, ಆದರೆ ಗುಣಮಟ್ಟ ಅದೃಷ್ಟದ ಮೇಲೆ. ಒಮ್ಮೆ ಹಾಕಿಸಿದ ಹೊಸ ಪಿಸ್ಟನ್ ರಿಂಗ್ ಮಳೆಗಾಲ ಮುಗಿಯುವುದರೊಳಗೆ ಸೋತಿತು. ಮೆಕ್ಯಾನಿಕ್ ಹಳೇ ಡಬ್ಬಿಯಿಂದ ಕಾರ್ಖಾನೆ ಕಾಲದ್ದನ್ನು ಹುಡುಕಿ ಕೊಟ್ಟರು. ‘ಇದು ನಮ್ಮ ಮೈಸೂರಿನದು ಸಾರ್, ಸವೆಯಲ್ಲ’ ಅಂದರು. ಸವೆಯುತ್ತದೆ, ಆದರೆ ನಿಧಾನವಾಗಿ.

ಇತ್ತೀಚೆಗೆ ನನಗೆ ಚಿಂತೆ ಇರುವುದು ಪೆಟ್ರೋಲಿನದು. ಈಗ ಬಂಕಿನಲ್ಲಿ ಬರುವುದು ನೂರಕ್ಕೆ 20 ಭಾಗ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಕಬ್ಬಿನಿಂದಲೂ ಆಗುತ್ತದೆ, ಮಂಡ್ಯದವನಾಗಿ ನಾನು ಅದಕ್ಕೆ ಬೇಡ ಅನ್ನುವ ಹಾಗಿಲ್ಲ. ಆದರೆ ಅದು ನೀರನ್ನು ಹೀರಿಕೊಳ್ಳುತ್ತದೆ, ಹಳೇ ರಬ್ಬರ್ ಪೈಪು, ವಾಷರುಗಳನ್ನು ಮೆತ್ತಗೆ ಮಾಡುತ್ತದೆ. ಯೆಜ್ಡಿ ವಾರಗಟ್ಟಲೆ ನಿಲ್ಲುವ ಗಾಡಿ. ನಿಲ್ಲಿಸುವ ಮುಂಚೆ ಟ್ಯಾಪ್ ಬಂದ್ ಮಾಡಿ ಕಾರ್ಬೊರೇಟರಿನಲ್ಲಿರುವ ಪೆಟ್ರೋಲ್ ಮುಗಿಯುವ ತನಕ ಎಂಜಿನ್ ಓಡಿಸುತ್ತೇನೆ. ಪೈಪನ್ನು ಮುಟ್ಟಿ ನೋಡಿ ಮೆತ್ತಗಾಗಿದ್ದರೆ ಬದಲಿಸುತ್ತೇನೆ. ಸ್ಪ್ಲೆಂಡರ್ ದಿನಾ ಓಡುವುದರಿಂದ ಅದರ ಟ್ಯಾಂಕಿನಲ್ಲಿ ಏನೂ ನಿಂತು ಹಾಳಾಗಲು ಪುರುಸೊತ್ತಿಲ್ಲ.

ಮನೆಗೆ ಒಂದೇ ಬೈಕ್ ಅಂದರೆ ಕಣ್ಣು ಮುಚ್ಚಿ ಸ್ಪ್ಲೆಂಡರ್ ತಗೊಳ್ಳಿ. ಇನ್ನೊಂದು ಗಾಡಿ ಆಗಲೇ ಇದೆ, ಭಾನುವಾರ ಬಿಡುವಿದೆ, ಕೈ ಮಸಿಯಾದರೆ ಬೇಜಾರಿಲ್ಲ ಅನ್ನುವವರು ಯೆಜ್ಡಿ ನೋಡಬಹುದು. ನೋಡಲು ಹೋದಾಗ ಎಂಜಿನ್ ತಣ್ಣಗಿರಲಿ. ಮಾರುವವರು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಇಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ಕಿಕ್ ಜಾರುತ್ತದೆಯೇ, ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲುವುದಿಲ್ಲವೇ, ಸವೆದ ಸಿಲಿಂಡರನ್ನು ಕೊರೆದು ದೊಡ್ಡದು ಮಾಡಿಸಿದ್ದರೆ ಈಗ ಎಷ್ಟನೇ ಓವರ್‌ಸೈಜಿನಲ್ಲಿದೆ ಕೇಳಿ. ಎಲ್ಲಕ್ಕಿಂತ ಮೊದಲು ಎಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ಆರ್‌ಸಿ ಜೊತೆ ತಾಳೆ ನೋಡಿ. ಎರಡು ಮೂರು ಗಾಡಿ ಸೇರಿಸಿ ಒಂದು ಮಾಡಿದವು ಬಹಳ ಇವೆ. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು, 2025ರ ಆಗಸ್ಟ್‌ನಿಂದ ಇಪ್ಪತ್ತು ವರ್ಷ ಮೀರಿದ ಬೈಕಿಗೆ ಅದರ ಶುಲ್ಕ 2,000 ರೂಪಾಯಿ. ನಂಬರ್ ತಾಳೆಯಾಗದಿದ್ದರೆ ಆರ್‌ಟಿಒದಲ್ಲಿ ಆ ಕೆಲಸ ಮುಂದಕ್ಕೆ ಹೋಗುವುದೇ ಇಲ್ಲ. ಅಂಥದ್ದು ಎಷ್ಟು ಅಗ್ಗಕ್ಕೆ ಸಿಕ್ಕರೂ ಬಿಟ್ಟು ಬನ್ನಿ.