ಟಿ.ವಿ. ಚರ್ಚೆಯ ಆಕ್ರೋಶವನ್ನು ಪರೀಕ್ಷಿಸುವ ಬಗೆ

ಮಳೆಗಾಲದಲ್ಲಿ ತೋಟದ ಕೆಲಸ ಬೇಗ ಮುಗಿಸಿ, ಕರೆಂಟು ಇದ್ದಷ್ಟು ಹೊತ್ತು ಮನೆಮಂದಿಯೆಲ್ಲ ಟಿ.ವಿ. ಮುಂದೆ ಕೂರುವುದು ಕೊಡಗಿನ ಅನೇಕ ಮನೆಗಳ ರೂಢಿ. ಆ ಹೊತ್ತಿಗೆ ಸುದ್ದಿ ವಾಹಿನಿಗಳ ರಾಜಕೀಯ ಚರ್ಚೆಗಳಲ್ಲಿ ಪಕ್ಷದ ವಕ್ತಾರರು, ವಿಶ್ಲೇಷಕರು, ಎಷ್ಟೋ ಸಲ ನಿರೂಪಕರೇ ಗಂಟಲು ಹರಿದುಕೊಳ್ಳುತ್ತಿರುತ್ತಾರೆ. ಅದರಲ್ಲಿ ನಿಜವಾದ ಸಂಕಟ ಎಷ್ಟು, ಕ್ಯಾಮೆರಾಕ್ಕೆಂದು ತಂದುಕೊಂಡ ಆಕ್ರೋಶ ಎಷ್ಟು ಎಂಬುದನ್ನು ಮನೆಯಲ್ಲೇ ಕುಳಿತು ಪರೀಕ್ಷಿಸುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ನಮ್ಮ ಜಿಲ್ಲೆಗೆ ಇದು ಬೇಕೇ ಬೇಕು. 2015ರ ನವೆಂಬರ್ 10ರಂದು ಟಿಪ್ಪು ಜಯಂತಿಯ ಸಂದರ್ಭದಲ್ಲಿ ಮಡಿಕೇರಿಯಲ್ಲಿ ಗಲಭೆಯಾಗಿ ಜೀವಹಾನಿಯಾಯಿತು; ಸರ್ಕಾರ 2019ರ ಜುಲೈಯಲ್ಲಿ ಅಧಿಕೃತ ಆಚರಣೆಯನ್ನು ಕೈಬಿಡುವವರೆಗೂ ನವೆಂಬರ್ ಬಂತೆಂದರೆ ಸ್ಟುಡಿಯೋಗಳಲ್ಲಿ ಅದೇ ವಾಗ್ವಾದ ಮರುಕಳಿಸುತ್ತಿತ್ತು. ಚರ್ಚೆ ಮುಗಿದ ಮೇಲೆ ಅಲ್ಲಿದ್ದವರು ತಮ್ಮ ಪಾಡಿಗೆ ಮನೆಗೆ ಹೋಗುತ್ತಾರೆ. ಮರುದಿನ ಒಂದೇ ಸಂತೆಯಲ್ಲಿ ಮುಖ ನೋಡಿಕೊಂಡು ವ್ಯಾಪಾರ ಮಾಡಬೇಕಾದವರು ನಾವು.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಸಿಟ್ಟಾಗಿರುವ ವ್ಯಕ್ತಿ ಯಾರಿಂದ, ಏನನ್ನು, ಯಾವಾಗ ಆಗಬೇಕೆಂದು ಕೇಳುತ್ತಿದ್ದಾರೆ? 2018ರ ಆಗಸ್ಟ್ ತಿಂಗಳಲ್ಲಿ ಗುಡ್ಡ ಕುಸಿದು ಮಕ್ಕಂದೂರು, ಜೋಡುಪಾಲದ ಕಡೆ ಮನೆ ಕಳೆದುಕೊಂಡವರ ಸಿಟ್ಟನ್ನು ನೆನಪಿಸಿಕೊಳ್ಳಿ. ಬಾಡಿಗೆ ಹಣ, ಜಾಗ, ಮನೆಯ ಕೀಲಿಕೈ ಎಂದು ಅವರ ಮಾತು ಸದಾ ಒಂದು ಕೆಲಸದತ್ತ ಬೆರಳು ತೋರಿಸುತ್ತಿತ್ತು. ಮುಂದೆ ಜಂಬೂರು, ಕರ್ಣಂಗೇರಿ, ಮದೆನಾಡಿನಲ್ಲಿ ಪುನರ್ವಸತಿ ಮನೆಗಳು ಎದ್ದಾಗ ಆ ಬೇಡಿಕೆಯಲ್ಲಿ ಎಷ್ಟು ಈಡೇರಿತು, ಎಷ್ಟು ಉಳಿಯಿತು ಎಂದು ಲೆಕ್ಕ ಹಾಕುವುದೂ ಸಾಧ್ಯವಾಯಿತು. ಕ್ಯಾಮೆರಾಕ್ಕೆಂದು ತಂದುಕೊಂಡ ಆಕ್ರೋಶದಲ್ಲಿ ಇಂಥ ಬೇಡಿಕೆ ಕಾಣಸಿಗುವುದಿಲ್ಲ. ಅಲ್ಲಿ ‘ದೇಶದ್ರೋಹಿಗಳು’, ‘ನಾಚಿಕೆಯಾಗಬೇಕು’ ಎಂಬ ಬೈಗುಳವಿರುತ್ತದೆ, ಎದುರಿನವರ ಹಳೆಯ ತಪ್ಪುಗಳ ಪಟ್ಟಿಯಿರುತ್ತದೆ, ಆದರೆ ನಾಳೆ ಬೆಳಿಗ್ಗೆ ಯಾವ ಕಚೇರಿಯಲ್ಲಿ ಯಾರು ಏನು ಮಾಡಬೇಕು ಎಂಬುದು ಇರುವುದಿಲ್ಲ. ಹತ್ತು ನಿಮಿಷ ನೋಡಿದ ಮೇಲೂ ಬೇಡಿಕೆಯನ್ನು ಒಂದು ಸಾಲಿನಲ್ಲಿ ಬರೆಯಲು ಆಗದಿದ್ದರೆ ಆ ಸಿಟ್ಟನ್ನು ಪಕ್ಕಕ್ಕಿಡಬಹುದು.

ಎರಡನೆಯದು, ಮಾತಿನಲ್ಲಿ ಪ್ರಸ್ತಾಪವಾದ ಕಾಗದವನ್ನೇ ತೆರೆದು ನೋಡುವುದು. ಇದು ಶ್ರಮದ ಕೆಲಸ, ಆದರೆ ಇದರಷ್ಟು ಫಲ ಕೊಡುವುದು ಬೇರೊಂದಿಲ್ಲ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ವಿಷಯವನ್ನೇ ತೆಗೆದುಕೊಳ್ಳಿ. ಕಸ್ತೂರಿರಂಗನ್ ಸಮಿತಿಯ 2013ರ ವರದಿಯ ಆಧಾರದ ಮೇಲೆ ಕೇಂದ್ರ ಸರ್ಕಾರ 2014ರ ಮಾರ್ಚ್‌ನಿಂದ ಕರಡು ಅಧಿಸೂಚನೆಗಳನ್ನು ಹೊರಡಿಸುತ್ತಲೇ ಬಂದಿದೆ. ಆರನೆಯದು ಹೊರಬಿದ್ದದ್ದು ವಯನಾಡಿನ ಭೂಕುಸಿತದ ಮರುದಿನ, 2024ರ ಜುಲೈ 31ರಂದು. ಕರ್ನಾಟಕದ 20,668 ಚದರ ಕಿಲೋಮೀಟರ್ ಪ್ರದೇಶ ಅದರ ವ್ಯಾಪ್ತಿಗೆ ಬರುತ್ತದೆ. ಈ ಬಗ್ಗೆ ಚರ್ಚೆ ನಡೆದಾಗ ಒಬ್ಬರು ‘ಕೊಡಗೇ ಖಾಲಿಯಾಗುತ್ತದೆ’ ಎಂದು ಕೂಗಿದರೆ, ಇನ್ನೊಬ್ಬರು ‘ಬೆಟ್ಟ ನುಂಗುವವರೇ ವಿರೋಧಿಸುತ್ತಿದ್ದಾರೆ’ ಎಂದು ಅರಚಬಹುದು. ಕರಡನ್ನು ಇ-ಗೆಜೆಟ್ ಜಾಲತಾಣದಿಂದ ಇಳಿಸಿಕೊಂಡು ಅನುಬಂಧಕ್ಕೆ ಹೋದರೆ ಗ್ರಾಮಗಳ ಹೆಸರು ಜಿಲ್ಲೆ, ತಾಲ್ಲೂಕುವಾರು ಸಿಗುತ್ತವೆ. ನಿಮ್ಮ ಗ್ರಾಮ ಅದರಲ್ಲಿದೆಯೇ ಎಂಬುದನ್ನು ಮೊದಲು ನೋಡಿ. ಬಳಿಕ ನಿಷೇಧಗಳ ಭಾಗವನ್ನು ಓದಿ: ಗಣಿಗಾರಿಕೆ, ಕಲ್ಲುಕ್ವಾರಿ, ಮರಳುಗಾರಿಕೆಗೆ ಪೂರ್ಣ ನಿಷೇಧ, 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡಗಳಿಗೆ ತಡೆ ಎಂಬಂಥ ನಿಯಮಗಳು ಅಲ್ಲಿವೆ. ಆಕ್ಷೇಪಣೆ ಸಲ್ಲಿಸಲು 60 ದಿನಗಳ ಅವಕಾಶವಿತ್ತು ಎಂಬುದೂ ಅಲ್ಲೇ ಇದೆ. ಗೆಜೆಟ್ ಹಿಂದಿ ಮತ್ತು ಇಂಗ್ಲಿಷಿನಲ್ಲಿರುವುದರಿಂದ ಕಾಲೇಜಿಗೆ ಹೋಗುವ ಮಕ್ಕಳನ್ನು ಜೊತೆಗೆ ಕೂರಿಸಿಕೊಂಡರೆ ಒಳ್ಳೆಯದು. ಓದಿದ ಮೇಲೂ ನಿಮ್ಮ ಆತಂಕ ಉಳಿಯಬಹುದು, ಕೃಷಿಕರ ಆತಂಕಕ್ಕೆ ಕಾರಣಗಳಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಆಗ ಅದು ನಿಮ್ಮದೇ ಆತಂಕವಾಗಿರುತ್ತದೆ, ಸ್ಟುಡಿಯೋದಿಂದ ಎರವಲು ತಂದದ್ದಲ್ಲ.

ಮೂರನೆಯ ಪರೀಕ್ಷೆ ಗಡಿಯಾರದ್ದು. ಕೇಬಲ್ ಟೆಲಿವಿಷನ್ ನಿಯಮಗಳ ಪ್ರಕಾರ ಗಂಟೆಗೆ ಗರಿಷ್ಠ 12 ನಿಮಿಷ ಜಾಹೀರಾತಿಗೆ ಹೋಗಬಹುದು. ಉಳಿದ 48 ನಿಮಿಷಗಳನ್ನು ಆರು ಅತಿಥಿಗಳು ಮತ್ತು ಒಬ್ಬ ನಿರೂಪಕರು ಸಮನಾಗಿ ಹಂಚಿಕೊಂಡರೂ ತಲಾ ಏಳು ನಿಮಿಷ ಸಿಗುವುದಿಲ್ಲ. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು, ಒಬ್ಬರು ಅಡ್ಡಿಯಿಲ್ಲದೆ ಮಾತನಾಡಿದ ಅತಿ ಉದ್ದದ ಅವಧಿ ಎಷ್ಟೆಂದು ಗುರುತಿಸಿ. ಅದು ಅರ್ಧ ನಿಮಿಷ ದಾಟದಿದ್ದರೆ ಅಲ್ಲಿ ವಾದ ಮಂಡಿಸಲು ಅವಕಾಶವೇ ಇರಲಿಲ್ಲ, ದನಿ ಏರಿಸಲು ಮಾತ್ರ ಇತ್ತು ಎಂದು ತಿಳಿಯಬೇಕು. ಅದೇ ಕಾರ್ಯಕ್ರಮವನ್ನು ಎರಡು ನಿಮಿಷ ಮ್ಯೂಟ್ ಮಾಡಿ ನೋಡುವುದೂ ಉಪಯುಕ್ತ: ಕೆಂಪು ಪಟ್ಟಿ, ಬೆಂಕಿಯ ಗ್ರಾಫಿಕ್ಸ್, ಒಂದೇ ದೃಶ್ಯದ ಪುನರಾವರ್ತನೆ ಆಗ ಎದ್ದು ಕಾಣುತ್ತವೆ. ಗುಡ್ಡ ಕುಸಿತದ ದೃಶ್ಯವಾದರೆ ದಿನಾಂಕ ಮತ್ತು ಊರಿನ ಹೆಸರು ತೋರಿಸಿದ್ದಾರೆಯೇ ಎಂದು ಗಮನಿಸಿ.

ಇಷ್ಟು ಅಬ್ಬರ ಏಕೆಂದರೆ, ಜಾಹೀರಾತಿನ ದರವನ್ನು ನಿರ್ಧರಿಸುವುದರಲ್ಲಿ ಟಿ.ಆರ್.ಪಿ.ಗೆ, ಅಂದರೆ ವೀಕ್ಷಕರ ಪ್ರಮಾಣವನ್ನು ಅಳೆಯುವ ರೇಟಿಂಗ್‌ಗೆ, ದೊಡ್ಡ ಪಾತ್ರವಿದೆ. ಆಯ್ದ ಮನೆಗಳಲ್ಲಿ ಅಳವಡಿಸಿದ ಮೀಟರುಗಳಿಂದ ಬಾರ್ಕ್ ಸಂಸ್ಥೆ ಅದನ್ನು ಲೆಕ್ಕ ಹಾಕುತ್ತದೆ. ಟಿ.ಆರ್.ಪಿ. ತಿರುಚಿದ ಆರೋಪ ಕೇಳಿಬಂದ 2020ರ ಅಕ್ಟೋಬರ್‌ನಲ್ಲಿ ಸುದ್ದಿ ವಾಹಿನಿಗಳ ರೇಟಿಂಗ್ ನಿಂತು, 2022ರ ಮಾರ್ಚ್‌ನಲ್ಲಿ ನಾಲ್ಕು ವಾರಗಳ ಸರಾಸರಿಯ ರೂಪದಲ್ಲಿ ಮತ್ತೆ ಶುರುವಾಯಿತು. ಚಾನೆಲ್ ಬದಲಿಸದೆ ಕೂತ ವೀಕ್ಷಕರೇ ಅಲ್ಲಿ ಮಾರಾಟದ ಸರಕು, ಅವರನ್ನು ಕೂರಿಸಲು ಜಗಳದಷ್ಟು ಅಗ್ಗದ ಉಪಾಯ ಇನ್ನೊಂದಿಲ್ಲ.

ಮನೆಯಲ್ಲಿ ಹಿರಿಯರು ಇಂಥ ಚರ್ಚೆಗಳಿಗೆ ಮನಸೋತಿದ್ದರೆ ರಿಮೋಟ್ ಕಸಿದುಕೊಳ್ಳಬೇಡಿ. ಅದರಿಂದ ಅವರ ಅಭಿಮಾನಕ್ಕೆ ಪೆಟ್ಟು ಬೀಳುತ್ತದೆಯೇ ಹೊರತು ಬೇರೇನೂ ಆಗದು. ಜಾಹೀರಾತು ಬಂದಾಗ, ‘ಮಾವ, ಇವರು ಈಗ ಯಾರು ಏನು ಮಾಡ್ಬೇಕು ಅಂತಿದ್ದಾರೆ?’ ಎಂದು ಗೌರವದಿಂದ ಕೇಳಿ ಉತ್ತರಕ್ಕೆ ಕಾಯಿರಿ. ಮಡಿಕೇರಿ ಆಕಾಶವಾಣಿಯಲ್ಲೋ, ಮರುದಿನದ ‘ಶಕ್ತಿ’ ಪತ್ರಿಕೆಯಲ್ಲೋ ಅದೇ ವಿಷಯ ಬಂದಿದ್ದರೆ ಇಬ್ಬರೂ ಕೂಡಿ ಹೋಲಿಸಿ ನೋಡಬಹುದು.

ಚರ್ಚೆ ಸುಳ್ಳಿಗೆ ಅಥವಾ ದ್ವೇಷಕ್ಕೆ ಇಳಿದಿದೆ ಎಂದು ಖಚಿತವಾದರೆ ದೂರು ಕೊಡಿ. 2021ರ ಕೇಬಲ್ ಟೆಲಿವಿಷನ್ ತಿದ್ದುಪಡಿ ನಿಯಮಗಳಂತೆ ದೂರು ಮೊದಲು ವಾಹಿನಿಗೇ ಹೋಗಬೇಕು. ಅದು 24 ಗಂಟೆಗಳಲ್ಲಿ ಸ್ವೀಕೃತಿ ಕೊಟ್ಟು, 15 ದಿನಗಳಲ್ಲಿ ತೀರ್ಮಾನ ತಿಳಿಸಬೇಕು. ಒಪ್ಪಿಗೆಯಾಗದಿದ್ದರೆ ಮುಂದಿನ 15 ದಿನಗಳೊಳಗೆ ಆ ವಾಹಿನಿ ಸದಸ್ಯತ್ವ ಪಡೆದಿರುವ ಸ್ವಯಂ ನಿಯಂತ್ರಣ ಸಂಸ್ಥೆಗೆ ಮೇಲ್ಮನವಿ ಸಲ್ಲಿಸಬಹುದು. ಅಂಥ ಸಂಸ್ಥೆಗಳಲ್ಲೊಂದಾದ ಎನ್‌ಬಿಡಿಎಸ್‌ಎ ವಿಧಿಸಬಹುದಾದ ಒಂದು ಲಕ್ಷ ರೂಪಾಯಿ ದಂಡ ಪರಿಣಾಮಕಾರಿಯಲ್ಲವೆಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಅಸಮಾಧಾನ ವ್ಯಕ್ತಪಡಿಸಿದ್ದು ಸರಿಯಾಗಿಯೇ ಇದೆ. ಆದರೂ ಲಿಖಿತ ದೂರು ಬಿದ್ದ ಮೇಲೆ ವಾಹಿನಿ ಉತ್ತರ ಕೊಡಲೇಬೇಕಾಗುತ್ತದೆ. ಕಾರ್ಯಕ್ರಮ ಪ್ರಸಾರವಾದ ಒಂದು ವಾರದೊಳಗೆ ಬರೆಯುವುದು ಕ್ಷೇಮ. ದಿನಾಂಕ, ಸಮಯ, ಕಾರ್ಯಕ್ರಮದ ಹೆಸರು, ಆಕ್ಷೇಪಾರ್ಹ ವಾಕ್ಯ ಹೇಳಿದವರು ಯಾರು, ಅದು ಯಾವ ದಾಖಲೆಗೆ ವಿರುದ್ಧವಾಗಿದೆ, ತಿದ್ದುಪಡಿ ಬೇಕೋ ಕ್ಷಮೆ ಬೇಕೋ ಎಂಬುದನ್ನು ಒಂದು ಪುಟದೊಳಗೆ ಮುಗಿಸಿ, ದೃಶ್ಯದ ಲಿಂಕ್ ಲಗತ್ತಿಸಿ, ಕಳುಹಿಸಿದ ಇ-ಮೇಲ್‌ನ ಪ್ರತಿಯನ್ನು ಮೇಲ್ಮನವಿಗೆ ಬೇಕಾಗುವುದರಿಂದ ತೆಗೆದಿಟ್ಟುಕೊಳ್ಳಿ.